ಬರಿಗಾಲಿನ ಬೇಟೆಗಾರ

ಫೆಬ್ರವರಿಯ ಒಂದು ಮುಸ್ಸಂಜೆ. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯ ಬಳಿ ಕಾವೇರಿ ಸೊರಗಿ ಬಂಡೆಗಳ ಸಂದಿನಲ್ಲಿ ಹರಿಯುತ್ತಿರುತ್ತಾಳೆ. ಅಲ್ಲಲ್ಲಿ ಮಡುಗಟ್ಟಿದ ನೀರು ಗಾಜಿನಂತೆ ತಿಳಿಯಾಗಿದೆ. ಹಗಲೆಲ್ಲ ಹರಿಗೋಲು ತಿರುಗಿಸಿದವರು ಮನೆ ಸೇರಿದ್ದಾರೆ. ಮಿಂಚುಳ್ಳಿ, ನೀರುಕಾಗೆಗಳ ಪಾಳಿ ಮುಗಿದಿದೆ. ಆಗ ದಡದ ಹೊಳೆಮತ್ತಿಯ ದಟ್ಟ ಎಲೆಗಳ ನಡುವಿನಿಂದ ಗುಡಾಣದೊಳಗೆ ಬಾಯಿಟ್ಟು ಕೂಗಿದಂತೆ ಒಂದು ದನಿ ಹೊರಡುತ್ತದೆ: ‘ಗುಂ... ಗುಗುಂ’. ಸ್ವಲ್ಪ ಹೊತ್ತಿನಲ್ಲೇ ಹದ್ದಿನಷ್ಟು ದೊಡ್ಡದಾದ ಕಂದು ಹಕ್ಕಿಯೊಂದು ಬಸಬಸ ರೆಕ್ಕೆ ಬಡಿಯುತ್ತ ಬಂದು ನದಿಯ ನಡುವಿನ ಬಂಡೆಯ ಮೇಲೆ ಕೂರುತ್ತದೆ. ಬಂದದ್ದು ಗೂಬೆ. ನಿಜವಾದ ಸೋಜಿಗವೆಂದರೆ ಅದು ಬಂದದ್ದು ನಮಗೆ ಕೇಳಿಸಿತಲ್ಲ, ಅದು!

ಏಕೆಂದರೆ ಗೂಬೆಗಳು ಹಾರಿದರೆ ಕೇಳಿಸಬಾರದು. ಹಾರಿದ್ದು ಕೇಳಿಸಿದರೆ ಆ ರಾತ್ರಿ ಅವಕ್ಕೆ ಉಪವಾಸ. ಇಲಿ, ಹೆಗ್ಗಣಗಳ ಕಿವಿ ಬಲು ಚುರುಕು. ಅದಕ್ಕೆಂದೇ ಗೂಬೆಗಳ ಹೊರರೆಕ್ಕೆಯ ಗರಿಗಳ ಮುಂದಿನ ಅಂಚಿನಲ್ಲಿ ಬಾಚಣಿಗೆಯಂತಹ ಸಣ್ಣ ಹಲ್ಲುಗಳಿವೆ. ಹಿಂದಿನ ಅಂಚಿನಲ್ಲಿ ನವಿರಾದ ಜಾಲರಿ, ಗರಿಯ ಮೇಲ್ಮೈಯಲ್ಲಿ ಮಖಮಲ್ಲಿನ ಹೊದಿಕೆ. ರೆಕ್ಕೆಯ ಮೇಲೆ ಹಾಯುವ ಗಾಳಿಯನ್ನು ಇವು ಸೀಳಿ, ಸವರಿ, ಸದ್ದನ್ನು ನುಂಗಿಬಿಡುತ್ತವೆ. ಕಣಜಗೂಬೆ ನಮ್ಮ ತಲೆಯ ಮೇಲೆ ಎರಡು ಮಾರು ದೂರದಲ್ಲಿ ಹಾದರೂ ಗೊತ್ತಾಗುವುದಿಲ್ಲ. ಹಳ್ಳಿಯ ಜನ ಅದನ್ನು ದೆವ್ವವೆಂದು ಭ್ರಮಿಸಿದ್ದರೆ ಅದರಲ್ಲಿ ಅರ್ಧ ತಪ್ಪು ಈ ಗರಿಗಳದು.

ಇನ್ನು ಕಿವಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೋಜರ್ ಪೇನ್ ಎಂಬ ಸಂಶೋಧಕರು ಒಂದು ಕೋಣೆಯನ್ನು ಬೆಳಕಿನ ಒಂದು ಎಳೆಯೂ ನುಸುಳದಂತೆ ಮುಚ್ಚಿ, ನೆಲಕ್ಕೆ ತರಗೆಲೆ ಹರಡಿ, ಕಣಜಗೂಬೆಯೊಂದನ್ನು ಒಳಗೆ ಬಿಟ್ಟರು. ಆ ಕಗ್ಗತ್ತಲಿನಲ್ಲೂ ಅದು ಇಲಿಯನ್ನು ಹಿಡಿಯಿತು. ಗೂಬೆಗೆ ಇಲಿಯ ವಾಸನೆ ಸಿಕ್ಕಿರಬಹುದೇ? ಅದನ್ನೂ ನೋಡಿಬಿಡೋಣವೆಂದು ಕಾಗದದ ಉಂಡೆಗೆ ದಾರ ಕಟ್ಟಿ ಎಲೆಗಳ ಮೇಲೆ ಎಳೆದರು. ಗೂಬೆ ಕಾಗದದ ಮೇಲೂ ಎರಗಿತು! ಅದು ಬೇಟೆಯಾಡುತ್ತಿದ್ದುದು ಬರೀ ಸದ್ದನ್ನು ನಂಬಿ. ಕಣಜಗೂಬೆಯ ಮುಖ ಹೃದಯಾಕಾರದ ತಟ್ಟೆಯಂತಿರುವುದು ಅಲಂಕಾರಕ್ಕಲ್ಲ. ಮನೆಯ ಮೇಲಿನ ಡಿಶ್ ಆಂಟೆನಾ ಸಂಕೇತಗಳನ್ನು ಒಂದೆಡೆಗೆ ಸೇರಿಸುವಂತೆ ಈ ಮುಖದ ತಟ್ಟೆ ಸದ್ದನ್ನು ಕಿವಿಯತ್ತ ದೂಡುತ್ತದೆ.

ಸದ್ದಿಲ್ಲದ ರೆಕ್ಕೆ, ತಟ್ಟೆಯಂತಹ ಮುಖ, ಉಗುರಿನವರೆಗೂ ಪಾಯಿಜಾಮ ತೊಟ್ಟಂತೆ ಗರಿ ಹೊದ್ದ ಕಾಲು. ಗೂಬೆಯೆಂದರೆ ಇವಿಷ್ಟು ಎಂದು ಪಾಠ ಹೇಳಿ ಮುಗಿಸುವಷ್ಟರಲ್ಲಿ ಮೀನುಗೂಬೆ ಅಡ್ಡ ಬರುತ್ತದೆ. ಅದರ ರೆಕ್ಕೆಯಲ್ಲಿ ಜಾಲರಿಯಿಲ್ಲ, ಮುಖದ ತಟ್ಟೆ ಇದ್ದೂ ಇಲ್ಲದಂತಿದೆ. ಕಾಲೋ, ಶುದ್ಧ ಬರಿಗಾಲು. ಲಂಗ ಮೇಲೆತ್ತಿ ಕಟ್ಟಿ ಹೊಳೆ ದಾಟಲು ನಿಂತ ಹೆಣ್ಣುಮಗಳಂತೆ!

ನೀರು ಮತ್ತು ಸದ್ದು

ಬಿಟ್ಟುಕೊಟ್ಟ ಒಂದೊಂದಕ್ಕೂ ಕಾರಣವಿದೆ. ಮೊದಲು ಸದ್ದಿನ ವಿಷಯ. ಗಾಳಿಯಲ್ಲಿ ಹುಟ್ಟಿದ ಶಬ್ದ ನೀರಿನ ಮೇಲ್ಮೈಗೆ ತಾಕಿದಾಗ ಬಹುಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಗಾಳಿ ತೀರ ಹಗುರ, ನೀರು ತೀರ ಭಾರ. ಒಂದರ ಅಲುಗಾಟ ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ. ಲೆಕ್ಕ ಹಾಕಿದರೆ ಶಬ್ದದ ಶಕ್ತಿಯಲ್ಲಿ ನೀರಿನೊಳಗೆ ಇಳಿಯುವುದು ಸುಮಾರು ಸಾವಿರದಲ್ಲಿ ಒಂದು ಪಾಲು ಮಾತ್ರ. ಚಿಕ್ಕಂದಿನಲ್ಲಿ ಬಾವಿಯಲ್ಲಿ ಮುಳುಗು ಹಾಕಿದವರಿಗೆ ಇದು ನೆನಪಿರುತ್ತದೆ. ತಲೆ ನೀರೊಳಗೆ ಹೋದದ್ದೇ ತಡ, ಮೇಲೆ ನಿಂತು ಕೂಗುವ ಅಪ್ಪನ ಬೈಗುಳವೂ ಕ್ಷೀಣವಾಗಿಬಿಡುತ್ತದೆ. ಗಾಳ ಹಾಕುವವರಿಗೂ ಇದು ಗೊತ್ತು. ಅವರು ದಡದಲ್ಲಿ ಕೂತು ಊರ ಹರಟೆಯನ್ನೆಲ್ಲ ಹೊಡೆಯಬಹುದು, ಮೀನಿಗೆ ಅದರ ಪರಿವೆಯಿಲ್ಲ. ಆದರೆ ನೆಲ ಅದುರುವಂತೆ ಧೊಪ್ಪನೆ ಕಾಲಿಟ್ಟರೆ, ನೀರಿನ ಮೇಲೆ ನೆರಳು ಚಾಚಿದರೆ ಮೀನು ಚೆಲ್ಲಾಪಿಲ್ಲಿ.

ಹಾಗಿದ್ದ ಮೇಲೆ ಮೀನು ಹಿಡಿಯುವ ಗೂಬೆಗೆ ನಿಶ್ಶಬ್ದದ ರೆಕ್ಕೆ ಏಕೆ ಬೇಕು? ಮಖಮಲ್ಲಿನ ಗರಿ ಸುಲಭವಾಗಿ ನೀರು ಹೀರುತ್ತದೆ, ಹೊಳೆಯ ಮೇಲಿನ ಬದುಕಿಗೆ ಅದು ಹೊರೆ. ಕಿವಿಯ ಕತೆಯೂ ಅಷ್ಟೆ. ನೀರೊಳಗಿನ ಮೀನಿನ ಸದ್ದು ಮೇಲೆ ಬರುವುದಿಲ್ಲವೆಂದ ಮೇಲೆ ಡಿಶ್ ಆಂಟೆನಾದಿಂದ ಏನುಪಯೋಗ? ಮೀನುಗೂಬೆ ನಂಬಿರುವುದು ಕಣ್ಣನ್ನು. ಹಳದಿ ಬಣ್ಣದ ದೊಡ್ಡ ಕಣ್ಣುಗಳಿಂದ ಅದು ನೀರಿನ ಮೇಲಿನ ಸಣ್ಣ ಅಲೆಯನ್ನು, ಮೇಲ್ಮೈಗೆ ಬಂದ ಮೀನಿನ ಬೆನ್ನಿನ ಹೊಳಪನ್ನು ಕಾಯುತ್ತದೆ. ಪೂರ್ತಿ ಕತ್ತಲಾಗುವ ಮೊದಲೇ ಹೊರಬೀಳುವುದಕ್ಕೂ, ಮೋಡ ಕವಿದ ದಿನ ಹಗಲಿನಲ್ಲೇ ಒಮ್ಮೊಮ್ಮೆ ಕಾಣಿಸಿಕೊಳ್ಳುವುದಕ್ಕೂ ಇದೇ ಕಾರಣವಿರಬೇಕು.

ಆದರೆ ಕಣ್ಣನ್ನು ನಂಬಿದರೆ ನೀರು ಇನ್ನೊಂದು ಮೋಸ ಮಾಡುತ್ತದೆ. ಬಟ್ಟಲಿನ ತಳದಲ್ಲಿ ನಾಣ್ಯವಿಟ್ಟು, ಅದು ಅಂಚಿನ ಮರೆಯಾಗುವಷ್ಟು ದೂರ ಸರಿದು ನಿಂತು, ಮೆಲ್ಲಗೆ ನೀರು ಸುರಿಸಿದರೆ ನಾಣ್ಯ ಎದ್ದು ಬಂದಂತೆ ಕಾಣುವುದನ್ನು ಹೈಸ್ಕೂಲಿನಲ್ಲಿ ಎಲ್ಲರೂ ನೋಡಿರುತ್ತಾರೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ಹೀಗಾಗುತ್ತದೆ. ನೇರ ಮೇಲಿನಿಂದ ನೋಡಿದರೆ ನಾಲ್ಕು ಅಡಿ ಆಳದ ಮೀನು ಮೂರೇ ಅಡಿಯಲ್ಲಿ ಇರುವಂತೆ ಕಾಣುತ್ತದೆ. ಓರೆಯಾಗಿ ನೋಡಿದಷ್ಟೂ ಮೋಸ ಹೆಚ್ಚು. ಮೀನುಗೂಬೆ ಈ ತಾಪತ್ರಯವನ್ನು ಸುಲಭದಲ್ಲಿ ಕಳೆದುಕೊಂಡಿದೆ. ಅದು ಆಳದ ಮೀನಿನ ಗೊಡವೆಗೇ ಹೋಗುವುದಿಲ್ಲ. ನೀರಿನ ಮೇಲ್ಮೈಯಲ್ಲೇ ಸುಳಿಯುವುದನ್ನು ಮಾತ್ರ ಹಾರುತ್ತ ಬಂದು ಕಾಲಿನಿಂದ ಕಿತ್ತುಕೊಂಡು ಹೋಗುತ್ತದೆ. ಮಿಂಚುಳ್ಳಿಯಂತೆ ತಲೆಕೆಳಗಾಗಿ ಧುಮುಕುವುದಿಲ್ಲ. ಬೇಟೆಯಲ್ಲಿ ಒದ್ದೆಯಾಗುವುದು ಸಾಮಾನ್ಯವಾಗಿ ಕಾಲಷ್ಟೇ.

ಆ ಕಾಲನ್ನು ನೋಡಬೇಕು. ಗರಿಯಿಲ್ಲದ, ಒರಟು ಚರ್ಮದ ಉದ್ದ ಕಾಲು. ಬೆರಳುಗಳ ಅಡಿಯಲ್ಲಿ ಬಡಗಿಗಳ ಸ್ಯಾಂಡ್ ಪೇಪರಿನಂತೆ ಚುಚ್ಚುವ ಸಣ್ಣ ಸಣ್ಣ ಮುಳ್ಳುಗಳು. ಉಗುರುಗಳು ಗಾಳದ ಕೊಕ್ಕೆಯಂತೆ ಬಾಗಿವೆ. ಲೋಳೆ ಮೆತ್ತಿದ ಮೀನನ್ನು ಬರಿಗೈಯಲ್ಲಿ ಹಿಡಿಯಲು ಹೋಗಿ ಜಾರಿಸಿಕೊಂಡವರಿಗೆ ಈ ಮುಳ್ಳುಗಳ ಬೆಲೆ ಗೊತ್ತಾದೀತು. ಅಡುಗೆ ಮನೆಯಲ್ಲಿ ಮೀನು ಕೊಯ್ಯುವ ಮುಂಚೆ ಕೈಗೆ ಬೂದಿ ಬಳಿದುಕೊಳ್ಳುವುದೂ ಇದೇ ಉಪಾಯವಲ್ಲವೇ? ಚಳಿಗಾಲದಲ್ಲಿ ನಮ್ಮ ಜಲಾಶಯಗಳಿಗೆ ವಲಸೆ ಬರುವ ಆಸ್ಪ್ರೆ ಎಂಬ ಮೀನು ಹಿಡಿಯುವ ಹದ್ದಿನ ಕಾಲಲ್ಲೂ ಇಂತಹವೇ ಮುಳ್ಳುಗಳಿವೆ. ಹಗಲು ದುಡಿಯುವ ಹದ್ದು, ರಾತ್ರಿ ದುಡಿಯುವ ಗೂಬೆ. ವಂಶ ಬೇರೆ, ಕಸುಬು ಒಂದೇ, ಹತಾರವೂ ಒಂದೇ.

ಹೆಸರು ಮೀನುಗೂಬೆಯಾದರೂ ಅದು ಮೀನಿನ ವ್ರತ ಹಿಡಿದಿಲ್ಲ. ತಿಳಿನೀರಿನ ಅಂಚಿನಲ್ಲಿ ಬಾತುಕೋಳಿಯಂತೆ ತೂಗಾಡುತ್ತ ನಡೆದು ಏಡಿ, ಕಪ್ಪೆಗಳನ್ನು ಹಿಡಿಯುತ್ತದೆ. ಇಲಿ, ಹಾವು, ಹಕ್ಕಿ ಸಿಕ್ಕರೂ ಬಿಡುವುದಿಲ್ಲ. ಗೂಬೆಗಳು ಜೀರ್ಣವಾಗದ ಭಾಗಗಳನ್ನು ಉಂಡೆ ಕಟ್ಟಿ ಬಾಯಿಯಿಂದ ಉಗುಳುತ್ತವೆಯಷ್ಟೆ. ಹೊಲದ ಗೂಬೆಯ ಉಂಡೆ ಬಿಡಿಸಿದರೆ ಇಲಿಯ ತಲೆಬುರುಡೆ, ರೋಮ ಸಿಗುತ್ತವೆ. ಮೀನುಗೂಬೆ ತಂಗುವ ಮರದಡಿಯಲ್ಲಿ ಮೀನಿನ ಮುಳ್ಳು, ಏಡಿಯ ಚಿಪ್ಪಿನ ಚೂರು ಸಿಗುತ್ತವೆ. ಹಕ್ಕಿ ಕಾಣದಿದ್ದರೂ ವಿಳಾಸ ಪತ್ತೆಯಾಗುವುದು ಹೀಗೆ.

ಏಳು ಮಂದಿ ದಾಯಾದಿಗಳು

ಜಗತ್ತಿನಲ್ಲಿ ಮೀನನ್ನೇ ನೆಚ್ಚಿದ ಗೂಬೆಗಳು ಏಳು ಬಗೆ ಎಂದು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ. ಆಫ್ರಿಕದಲ್ಲಿ ಮೂರು, ಏಷ್ಯಾದಲ್ಲಿ ನಾಲ್ಕು. ನಮ್ಮದು ಕಂದು ಮೀನುಗೂಬೆ. 1788ರಲ್ಲಿ ಜರ್ಮನಿಯ ಗ್ಮೆಲಿನ್ ಇದಕ್ಕೆ ಸಿಂಹಳದ ಹೆಸರಿನ ಮೇಲೆ ‘ಝೈಲೊನೆನ್ಸಿಸ್’ ಎಂದು ನಾಮಕರಣ ಮಾಡಿದರು. ಸಿಂಹಳದಿಂದ ಹಿಡಿದು ಭಾರತವನ್ನೆಲ್ಲ ವ್ಯಾಪಿಸಿ, ಪೂರ್ವದಲ್ಲಿ ಆಗ್ನೇಯ ಏಷ್ಯಾದವರೆಗೆ, ಪಶ್ಚಿಮದಲ್ಲಿ ಅಲ್ಲೊಂದು ಇಲ್ಲೊಂದರಂತೆ ತುರ್ಕಿಯವರೆಗೆ ಇದರ ಸಂಸಾರ ಹರಡಿದೆ. ನಮ್ಮ ರಾಜ್ಯದಲ್ಲಿ ಕಾವೇರಿ, ಕಬಿನಿ, ಭದ್ರಾ, ಕಾಳಿ ನದಿಗಳ ಕಾಡಂಚಿನಲ್ಲಿ ಇದನ್ನು ಕಾಣಬಹುದು. ಹಿಮಾಲಯದ ತಪ್ಪಲಿನಲ್ಲಿ ಇದರ ಇನ್ನೊಬ್ಬ ದಾಯಾದಿಯಿದ್ದಾನೆ. ಆಫ್ರಿಕದ ಒಕವಾಂಗೊ ನದಿಯ ಜೌಗಿನಲ್ಲಿರುವ ಪೆಲ್‌ನ ಮೀನುಗೂಬೆಗೆ ಇಟ್ಟಿಗೆ ಬಣ್ಣದ ಮೈ, ಕಪ್ಪು ಕಣ್ಣು. ಬರಿಗಾಲು ಮಾತ್ರ ಅದೇ!

ಈ ಏಳರಲ್ಲಿ ಹಿರಿಯಣ್ಣ ಇರುವುದು ರಷ್ಯಾದ ದೂರಪೂರ್ವದ ಕಾಡುಗಳಲ್ಲಿ ಮತ್ತು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ. ಹೆಸರು ಬ್ಲೇಕಿಸ್ಟನ್‌ನ ಮೀನುಗೂಬೆ. ಹೆಣ್ಣು ನಾಲ್ಕೂವರೆ ಕಿಲೋವರೆಗೆ ತೂಗುತ್ತದೆ. ರೆಕ್ಕೆ ಬಿಚ್ಚಿದರೆ ಆರಡಿ. ಜಗತ್ತಿನ ಅತಿ ದೊಡ್ಡ ಗೂಬೆಗಳಲ್ಲಿ ಇದಕ್ಕೆ ಅಗ್ರಸ್ಥಾನ. ಮೈನಸ್ ಮೂವತ್ತು ಡಿಗ್ರಿಯ ಚಳಿಯಲ್ಲಿ ಬರಿಗಾಲಿನಲ್ಲಿರಲು ಸಾಧ್ಯವೇ? ಇದು ಪಾಯಿಜಾಮ ಕಳಚಿಲ್ಲ. ಕಾಲಿಗೆ ಗರಿಯಿದೆ, ಬೆರಳು ಮಾತ್ರ ಬರಿದು. ಹೊಳೆಗಳೆಲ್ಲ ಹೆಪ್ಪುಗಟ್ಟಿದಾಗ ನೆಲದಡಿಯಿಂದ ಬೆಚ್ಚಗಿನ ನೀರು ಉಕ್ಕುವ ಕಡೆ ಮಂಜು ಕಟ್ಟದೆ ಉಳಿದ ಗುಂಡಿಗಳ ಪಕ್ಕ ಇದು ಗಂಟೆಗಟ್ಟಲೆ ಕಾದು ಕೂರುತ್ತದೆ. ಗಂಡುಹೆಣ್ಣು ಸೇರಿ ಕೂಗುವ ಜುಗಲ್‌ಬಂದಿಯಂತೂ ಎಷ್ಟು ಕರಾರುವಾಕ್ಕೆಂದರೆ ಕೇಳಿದವರು ಒಂದೇ ಹಕ್ಕಿ ಕೂಗಿತೆಂದು ತಿಳಿಯುತ್ತಾರೆ.

ಹೊಕ್ಕೈಡೊದ ಮೂಲ ನಿವಾಸಿಗಳಾದ ಐನು ಜನ ಈ ಗೂಬೆಯನ್ನು ಕರೆಯುವುದು ‘ಕೋತಾನ್ ಕೋರ್ ಕಮುಯ್’ ಎಂದು, ಅಂದರೆ ಊರು ಕಾಯುವ ದೇವರು. ಸಾಲ್ಮನ್ ಮೀನು ಹೇರಳವಾಗಿದ್ದ ಹೊಳೆಗಳ ದಡದಲ್ಲೇ ಐನು ಹಳ್ಳಿಗಳೂ ಇದ್ದವು, ಗೂಬೆಯೂ ಇತ್ತು. ರಾತ್ರಿಯಿಡೀ ಎಚ್ಚರವಿದ್ದು ಕೂಗುವವನು ಕಾವಲುಗಾರನಲ್ಲದೆ ಮತ್ತೇನು? ಅದೇ ಕೂಗು ಕೇಳಿ ನಮ್ಮಲ್ಲಿ ಕಿಟಕಿ ಮುಚ್ಚುತ್ತಾರೆ. ಹಕ್ಕಿಯ ಜಾತಕ ಹುಟ್ಟಿದ ಊರಿನ ಮೇಲೆ ನಿಂತಿದೆಯೆನ್ನೋಣ.

ದೇವರಾದರೂ ಅದಕ್ಕೆ ಕಷ್ಟ ತಪ್ಪಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹೊಕ್ಕೈಡೊದ ಹಳೆಯ ಮರಗಳು ಉರುಳಿದವು. ಹೊಳೆಗಳಿಗೆ ಅಡ್ಡಕಟ್ಟೆಗಳು ಬಂದು ಸಾಲ್ಮನ್ ಮೇಲೇರದಂತಾಯಿತು. ಇಷ್ಟು ದೊಡ್ಡ ಹಕ್ಕಿಗೆ ಸಣ್ಣ ಪೊಟರೆ ಸಾಲದು. ಒಳಗೆ ಕುಳಿತು ಕಾವು ಕೊಡುವಷ್ಟು ಅಗಲದ ಪೊಟರೆ ಬೇಕಾದರೆ ಮರಕ್ಕೆ ನೂರಾರು ವರ್ಷ ವಯಸ್ಸಾಗಿರಬೇಕು. 1971ರಲ್ಲಿ ಜಪಾನ್ ಇದನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಸಾರಿತು. ಆದರೂ ಆ ಕಾಲಕ್ಕೆ ಉಳಿದಿದ್ದವು ನೂರಕ್ಕೂ ಕಡಿಮೆ. 1984ರಿಂದ ಸರ್ಕಾರವೇ ಮರಗಳಿಗೆ ದೊಡ್ಡ ಗೂಡುಪೆಟ್ಟಿಗೆ ಕಟ್ಟಿಸಿ, ಚಳಿಗಾಲದಲ್ಲಿ ತೊಟ್ಟಿಗಳಲ್ಲಿ ಜೀವಂತ ಮೀನು ಬಿಡಿಸಿತು. 2010ರ ದಶಕದ ಕೊನೆಯ ಹೊತ್ತಿಗೆ ಎಣಿಕೆ ನೂರೈವತ್ತನ್ನು ದಾಟಿತ್ತು. ಮೂವತ್ತೈದು ವರ್ಷದ ದುಡಿಮೆಗೆ ಸಿಕ್ಕ ಫಲ ಇಷ್ಟು. ಕಡಿದ ಮರವನ್ನು ಪೆಟ್ಟಿಗೆಯಾಗಿ ಮತ್ತೆ ನೇತುಹಾಕುವುದು ಎಷ್ಟು ದುಬಾರಿ ನೋಡಿ!

ರಷ್ಯಾದ ಕಡೆ 2006ರಿಂದ ಹಲವು ಚಳಿಗಾಲ ಈ ಗೂಬೆಯ ಬೆನ್ನು ಹತ್ತಿದ ಅಮೆರಿಕದ ಜೊನಾಥನ್ ಸ್ಲಾಟ್ ತಮ್ಮ ಅನುಭವವನ್ನು 2020ರಲ್ಲಿ ಪುಸ್ತಕವಾಗಿ ಹೊರತಂದರು. ದೊಡ್ಡ ಹಳೆಯ ಮರ ಮತ್ತು ಮೀನು ತುಂಬಿದ ಹೊಳೆ, ಎರಡೂ ಒಂದೇ ಕಡೆ ಇರಬೇಕೆಂಬುದು ಆ ಅಧ್ಯಯನದ ತಿರುಳು. ಕಾಡು ಎಷ್ಟೇ ದಟ್ಟವಾಗಿರಲಿ, ಹೊಳೆಯಿಂದ ದೂರದ ಮರ ಈ ಹಕ್ಕಿಗೆ ಬೇಡ. ಮೀನು ಎಷ್ಟೇ ಇರಲಿ, ದಡ ಬೋಳಾಗಿದ್ದರೆ ಆ ಹೊಳೆಯೂ ಬೇಡ.

ನಮ್ಮ ಹೊಳೆಯಲ್ಲಿ

ನಮ್ಮ ಕಂದು ಮೀನುಗೂಬೆ ಇಷ್ಟು ಹಟಮಾರಿಯಲ್ಲ. ಮಾವು, ಆಲ, ಹೊಳೆಮತ್ತಿಯ ಕವಲಿನಲ್ಲಿ, ಹದ್ದುಗಳು ಬಿಟ್ಟುಹೋದ ಗೂಡಿನಲ್ಲಿ, ಕೊರಕಲಿನ ಬಂಡೆಯ ಚಾಚಿನ ಮೇಲೂ ಮೊಟ್ಟೆಯಿಡುತ್ತದೆ. ಕೆರೆಯ ಏರಿಯ ಮೇಲಿನ ಹಳೆಯ ಮರವಾದರೂ ಸರಿಯೇ. ಜಾಗತಿಕ ಪಟ್ಟಿಯಲ್ಲಿ ಇದು ಅಪಾಯದಲ್ಲಿರುವ ಹಕ್ಕಿಯಲ್ಲ, ಆ ಮಟ್ಟಿಗೆ ಗಾಬರಿಯಾಗಬೇಕಿಲ್ಲ. ಆದರೆ ಇಸ್ರೇಲ್‌ನಲ್ಲಿ ಇದೇ ಹಕ್ಕಿ 1970ರ ದಶಕದಲ್ಲಿ ಕಣ್ಮರೆಯಾಯಿತೆಂಬುದನ್ನು ಮರೆಯುವಂತಿಲ್ಲ. ತುರ್ಕಿಯಲ್ಲೂ ಹೋಗಿಯೇಬಿಟ್ಟಿತೆಂದು ಅನೇಕರು ತಿಳಿದಿದ್ದರು. 2009ರಲ್ಲಿ ಅಂಟಾಲ್ಯ ಪ್ರಾಂತದ ಓಯ್ಮಾಪಿನಾರ್ ಎಂಬ ಅಣೆಕಟ್ಟೆಯ ಹಿನ್ನೀರಿನಲ್ಲಿ, ಕಡಿದಾದ ಬಂಡೆಗಳ ನಡುವೆ ಅದು ಮತ್ತೆ ಕಾಣಿಸಿಕೊಂಡಿತು. ಅಣೆಕಟ್ಟೆಯೆಂದರೆ ಎಲ್ಲ ಕಡೆಯೂ ಶತ್ರುವೇ ಎಂದು ಬರೆದುಬಿಡುವವರಿಗೆ ಇದೊಂದು ತೊಡಕಿನ ಉದಾಹರಣೆ. ಮೀನಿದ್ದು, ಕೂರಲು ಬಂಡೆಯಿದ್ದು, ಜನರ ಕಾಟವಿಲ್ಲದಿದ್ದರೆ ಹಿನ್ನೀರಾದರೂ ಆದೀತು.

ಇಲ್ಲಿ ತೊಂದರೆ ಸದ್ದಿಲ್ಲದೆ ಬರುತ್ತದೆ. ಹೊಳೆದಂಡೆಯ ಮರಕ್ಕೆ ಒಡೆಯರಿಲ್ಲವೆಂಬ ಧೈರ್ಯದಲ್ಲಿ ಕೊಡಲಿ ಬೀಳುತ್ತದೆ. ಮರಳಿಗಾಗಿ ಹೊಳೆಯ ಪಾತ್ರವನ್ನೇ ಬಗೆದಾಗ ಬೇಸಗೆಯ ತಿಳಿನೀರು ರಾಡಿಯಾಗುತ್ತದೆ. ಕಣ್ಣನ್ನೇ ನಂಬಿದ ಬೇಟೆಗಾರನಿಗೆ ರಾಡಿ ನೀರೆಂದರೆ ಮುಚ್ಚಿದ ಬಾಗಿಲು. ಮಡುಗಳಲ್ಲಿ ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದು ಕಾವೇರಿಗೆ ಹಳೆಯ ಪೀಡೆ. ಗಾಳಿಯ ಸದ್ದು ನೀರಿಗಿಳಿಯದೆಂದು ಹೇಳಿದೆವಷ್ಟೆ. ನೀರಿನೊಳಗೇ ಹುಟ್ಟಿದ ಸದ್ದಿನ ಕತೆ ಬೇರೆ. ಅದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ವೇಗದಲ್ಲಿ, ಅಷ್ಟೇನೂ ಕುಗ್ಗದೆ ಹರಡುತ್ತದೆ. ಅದರ ಹೊಡೆತಕ್ಕೆ ದೊಡ್ಡ ಮೀನಿನ ಜೊತೆ ಮರಿಮೀನೂ ಹೊಟ್ಟೆ ಮೇಲಾಗಿ ತೇಲುತ್ತದೆ. ಹತ್ತು ಕಿಲೋ ಮೀನಿಗಾಗಿ ಮುಂದಿನ ವರ್ಷದ ಮಡುವನ್ನೇ ಖಾಲಿ ಮಾಡುವ ಜಾಣತನವಿದು.

ಇವೆಲ್ಲಕ್ಕಿಂತ ಹೇಳಲು ನಾಚಿಕೆಯಾಗುವ ಸಂಗತಿ ಇನ್ನೊಂದಿದೆ. ಯಾರದೋ ತಪ್ಪನ್ನು ಇನ್ನಾರ ತಲೆಗೋ ಕಟ್ಟುವುದಕ್ಕೆ ಕನ್ನಡದಲ್ಲಿ ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಆದರೆ ಎಲ್ಲ ಕಾಲಕ್ಕೂ ಗೂಬೆ ಕೂರಿಸಿರುವುದು ಗೂಬೆಯ ತಲೆಯ ಮೇಲೆಯೇ. ಮನೆಯ ಮೇಲೆ ಕೂತರೆ ಕೇಡು ಎನ್ನುವವರೂ ನಾವೇ, ಲಕ್ಷ್ಮಿಯ ವಾಹನವೆಂದು ಕೈ ಮುಗಿಯುವವರೂ ನಾವೇ. ಎರಡೂ ನಂಬಿಕೆ ಸೇರಿ ಹುಟ್ಟಿದ್ದು ಮಾಟದ ವ್ಯಾಪಾರ. ಕಾಡುಜೀವಿಗಳ ಕಳ್ಳಸಾಗಣೆಯ ಮೇಲೆ ಕಣ್ಣಿಡುವ ‘ಟ್ರಾಫಿಕ್ ಇಂಡಿಯಾ’ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದ 30 ಬಗೆಯ ಗೂಬೆಗಳಲ್ಲಿ 15 ಬಗೆ ಹಕ್ಕಿ ಮಾರಾಟದ ಜಾಲದಲ್ಲಿ ಕಂಡುಬಂದಿವೆ. ದೀಪಾವಳಿ ಬಂತೆಂದರೆ ಬೇಡಿಕೆ ಏರುತ್ತದೆ. ಅದರಲ್ಲೂ ತಲೆಯ ಮೇಲೆ ‘ಕಿವಿ’ಯಿರುವ ದೊಡ್ಡ ಗೂಬೆಗಳಿಗೆ ಮಾಟಗಾರರಲ್ಲಿ ಹೆಚ್ಚಿನ ಬೆಲೆ. ಮೀನುಗೂಬೆ ದೊಡ್ಡದೂ ಹೌದು, ತಲೆಯ ಎರಡೂ ಕಡೆ ಕಿವಿಯಂತೆ ಎದ್ದು ನಿಂತ ಗರಿಯ ಕುಚ್ಚೂ ಇದೆ. ಆ ಕುಚ್ಚುಗಳಿಗೂ ಕಿವಿಗೂ ಏನೇನೂ ಸಂಬಂಧವಿಲ್ಲ. ನಿಜವಾದ ಕಿವಿ ಕಣ್ಣಿನ ಪಕ್ಕದಲ್ಲಿ, ಗರಿಗಳ ಅಡಿಯಲ್ಲಿ ಹುದುಗಿದೆ. ಬರೀ ಎರಡು ಕುಚ್ಚು ಗರಿಗಾಗಿ ಜೀವ ತೆರಬೇಕಾದ ಹಕ್ಕಿಯಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಗೂಬೆಯನ್ನು ಹಿಡಿಯುವುದು, ಮಾರುವುದು, ಕೊಲ್ಲುವುದು ಎಲ್ಲವೂ ಅಪರಾಧ. ಕಾಯಿದೆಯ ಪುಸ್ತಕ ಓದಿಕೊಂಡು ಮಾಟ ಮಾಡಿಸುವವರು ಎಲ್ಲಿದ್ದಾರೆ!

ಗೂಬೆಯಿಂದ ಬೇರೆ ಹಕ್ಕಿಗಳಿಗೂ ಸಮಾಧಾನವಿಲ್ಲ. ಹಗಲು ಹೊತ್ತು ಎಲೆಮರೆಯಲ್ಲಿ ನಿದ್ರಿಸುವ ಮೀನುಗೂಬೆ ಕಾಗೆಗಳ ಕಣ್ಣಿಗೆ ಬಿದ್ದರೆ ಮುಗಿಯಿತು, ಊರಿನ ಕಾಗೆಗಳೆಲ್ಲ ಸೇರಿ ರಂಪ ಎಬ್ಬಿಸುತ್ತವೆ. ಅದು ಕತ್ತನ್ನು ಅತ್ತಿತ್ತ ತಿರುಗಿಸಿ, ಕಣ್ಣು ಪಿಳುಕಿಸಿ, ಕೊನೆಗೆ ಬೇಸತ್ತು ಇನ್ನೊಂದು ಮರಕ್ಕೆ ಹಾರುತ್ತದೆ. ಹಾಗೆ ಹಾರುವಾಗಲೇ ಹಗಲಿನ ದಾರಿಹೋಕರಿಗೆ ಇದರ ದರ್ಶನ.

ದಕ್ಷಿಣ ಭಾರತದಲ್ಲಿ ಇದರ ಬಾಣಂತನ ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿಯವರೆಗೆ. ಒಂದೋ ಎರಡೋ ಬಿಳಿಯ ಮೊಟ್ಟೆ, ಸುಮಾರು ಐದು ವಾರದ ಕಾವು. ಕಾಲದ ಆಯ್ಕೆ ಅಚ್ಚುಕಟ್ಟಾಗಿದೆ. ಆ ತಿಂಗಳುಗಳಲ್ಲಿ ಹೊಳೆ ಇಳಿದು ತಿಳಿಯಾಗಿರುತ್ತದೆ. ಮೀನುಗಳು ಮಡುಗಳಲ್ಲಿ ಒತ್ತೊತ್ತಾಗಿ ಸೇರಿರುತ್ತವೆ. ಮರಿಗಳ ಹೊಟ್ಟೆ ತುಂಬಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಏಪ್ರಿಲ್, ಮೇ ಹೊತ್ತಿಗೆ ಗೂಡು ಬಿಟ್ಟ ಮರಿಗಳು ದಡದ ಕೊಂಬೆಗಳಲ್ಲಿ ಕೂತು ತಾಯಿತಂದೆಯರ ಬೇಟೆ ನೋಡುತ್ತಿರುತ್ತವೆ. ಜೂನಿನಲ್ಲಿ ಕೊಡಗಿನ ಕಡೆ ಮಳೆ ಹಿಡಿದು ಹೊಳೆಯಲ್ಲಿ ಕೆಂಪು ನೀರು ಇಳಿದರೆ ಮೀನು ಕಾಣುವುದು ನಿಲ್ಲುತ್ತದೆ. ಅಷ್ಟರಲ್ಲಿ ಪಕ್ಕದ ಗದ್ದೆಗಳಲ್ಲಿ ಕಪ್ಪೆಗಳು ವಟಗುಟ್ಟತೊಡಗುತ್ತವೆ, ಬದುಗಳಲ್ಲಿ ಏಡಿಗಳು ಹೊರಬರುತ್ತವೆ. ಮೀನುಗೂಬೆ ಹೊಳೆ ಬಿಟ್ಟು ಗದ್ದೆಯ ಬದುವಿಗೆ ಇಳಿಯುತ್ತದೆ, ಬರಿಗಾಲಿನಲ್ಲೇ.